ಹೊಕ್ಕೈಡೊ ಜಿಂಗು: ಬಸ್ಸಿನಲ್ಲಿ ಒಮ್ಮೆ, ಕಾಲ್ನಡಿಗೆಯಲ್ಲಿ ಒಮ್ಮೆ

ಜಪಾನಿನ ಸಪ್ಪೊರೊದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಜಪಾನಿನ ಮೂಲ ಧರ್ಮವಾದ ಶಿಂಟೊದ ಈ ದೇಗುಲವನ್ನು ಎರಡು ಸಲ ನೋಡಿದೆ. ಮೊದಲ ಸಲ ಒಂದು ಪ್ರವಾಸ ಸಂಸ್ಥೆಯವರು ಬಸ್ಸಿನಲ್ಲಿ ಕರೆತಂದು, ಗುಡಿಯ ಪಕ್ಕದಲ್ಲೇ ಇಳಿಸಿ, ಇಪ್ಪತ್ತು ನಿಮಿಷ ಕೊಟ್ಟರು. ಕೈಮುಗಿದು ತಿರುಗುವಷ್ಟರಲ್ಲಿ ಹೊರಡಿ ಎಂದರು. ಅಷ್ಟು ದೂರ ಹೋಗಿ ಹೀಗಾಯಿತಲ್ಲ ಎಂದು ರಾತ್ರಿಯೆಲ್ಲ ಕೊರಗಿದೆ.

ಮೇ ತಿಂಗಳ ಆರಂಭದಲ್ಲಿ ಒಂದು ಬೆಳಿಗ್ಗೆ ಮಗಳು ಮೆಟ್ರೊದ ತೋಜಾಯ್ ಮಾರ್ಗದಲ್ಲಿ ಮಾರುಯಾಮ ಕೋಎನ್ ನಿಲ್ದಾಣಕ್ಕೆ ಕರೆದುಕೊಂಡು ಹೋದಳು. ಅಲ್ಲಿಂದ ಉದ್ಯಾನದ ಒಳಗಿನಿಂದ ಗುಡಿಗೆ ಹದಿನೈದು ನಿಮಿಷದ ದಾರಿ. ನಮಗೆ ಮುಕ್ಕಾಲು ಗಂಟೆ ಹಿಡಿಯಿತು, ಏಕೆಂದರೆ ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಪಕ್ಕದ ಮಾರುಯಾಮ ಗುಡ್ಡದ ಎತ್ತರ 225 ಮೀಟರ್ ಅಷ್ಟೆ, ಆದರೆ ಅದರ ಕಾಡನ್ನು 1921ರಿಂದ ನೈಸರ್ಗಿಕ ಸ್ಮಾರಕವೆಂದು ಕಾಪಾಡಿದ್ದಾರೆ. ಶಿರಸಿಯ ಕಡೆಯವಳಾದ ನನಗೆ ಕಾಡು ಹೊಸದಲ್ಲ. ಊರ ನಡುವೆಯೇ ಅದು ಉಳಿದಿರುವುದು ಹೊಸದು. ಕತ್ಸುರ ಮರಗಳು ಆಗಷ್ಟೇ ಚಿಗುರುತ್ತಿದ್ದವು. ಎಲೆ ನಮ್ಮ ಅಶ್ವತ್ಥದ ಎಲೆಯಂತೆಯೇ, ತುದಿಯ ಬಾಲವೊಂದಿಲ್ಲ. ಒಂದು ಕಂದು ಅಳಿಲು ದಾರಿಗೆ ಅಡ್ಡ ಬಂದಿತು. ಅದರ ಬೆನ್ನಿನ ಮೇಲೆ ರಾಮನ ಬೆರಳಿನ ಗುರುತಿರಲಿಲ್ಲ.

ಚೆರ್ರಿಯೂ ಪ್ಲಮ್ಮೂ ಇಲ್ಲಿ ಒಟ್ಟಿಗೇ ಅರಳುತ್ತವೆ. ಆ ಚೆರ್ರಿ ಸಾಲಿನ ಹಿಂದಿನ ಕಥೆ ಕೇಳಿ ಕಣ್ಣು ತುಂಬಿತು. 1869ರಲ್ಲಿ ಶಿಮಾ ಯೋಶಿತಾಕೆ ಎಂಬ ಅಧಿಕಾರಿ ಹಕೊದಾತೆಯಿಂದ ಇಲ್ಲಿಯವರೆಗೆ ದೇವರನ್ನು ಬೆನ್ನ ಮೇಲೆ ಹೊತ್ತು ತಂದ. ಮರುವರ್ಷವೇ ಅವನನ್ನು ವಾಪಸು ಕರೆಸಿಕೊಂಡರು. 1874ರಲ್ಲಿ ಬಂಡಾಯವೊಂದರ ಕಾರಣಕ್ಕೆ ಮರಣದಂಡನೆಯಾಯಿತು. ಅವನ ಅನುಯಾಯಿಯೊಬ್ಬ ಮರುವರ್ಷ ಅವನ ನೆನಪಿಗಾಗಿ 150 ಚೆರ್ರಿ ಸಸಿಗಳನ್ನು ನೆಟ್ಟ. ಇನ್ನೊಂದು ಮಾತನ್ನೂ ಬಿಡಲಾರೆ: ಈ ಹೊಕ್ಕೈಡೊ ದ್ವೀಪವನ್ನು ಹೊಸ ನೆಲವೆಂದು ಕಟ್ಟಲು ಪ್ರತಿಷ್ಠಾಪಿಸಿದ ದೇವತೆಗಳಿವರು, ಆ ನೆಲ ಮೊದಲು ಇಲ್ಲಿನ ಮೂಲನಿವಾಸಿಗಳಾದ ಐನು ಜನರದಾಗಿತ್ತು. ಈ ಗುಡ್ಡಕ್ಕೆ ಅವರು ಮೋಇವಾ ಎನ್ನುತ್ತಿದ್ದರು.

ಗುಡಿಯ ಕಟ್ಟಡ ಹಳೆಯದಲ್ಲ. 1974ರಲ್ಲಿ ಸುಟ್ಟುಹೋಗಿ 1978ರಲ್ಲಿ ಮತ್ತೆ ಎದ್ದಿದೆ. ತೊಟ್ಟಿಯ ನೀರಿನಲ್ಲಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ನಾಣ್ಯ ಹಾಕಿ, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕು. ವಿಗ್ರಹ ಕಾಣುವುದಿಲ್ಲ, ಮಂಗಳಾರತಿ ಇಲ್ಲ, ತೀರ್ಥವಿಲ್ಲ. ಬಸ್ಸಿನಿಂದ ಇಳಿದು ಬಂದ ದಿನ ಇದೇ ಜಾಗ ಬರಿದಾಗಿ ಕಂಡಿತ್ತು. ಮರಗಳ ನಡುವೆ ನಡೆದು ಬಂದ ದಿನ ನನಗೆ ಏನೂ ಕಡಿಮೆ ಅನಿಸಲಿಲ್ಲ.

ಪ್ರಸಾದದ ಆಸೆಯೂ ತೀರಿತು. ಆವರಣದಲ್ಲೇ ಇರುವ ರೊಕ್ಕತೇ ಎಂಬ ಸಿಹಿತಿಂಡಿ ಅಂಗಡಿಯಲ್ಲಿ ‘ಹಂಗನ್‌ಸಾಮ’ ಎಂಬ ಸಿಹಿ ಮಾರುತ್ತಾರೆ. ಹಂಗನ್ ಎಂಬುದು ಆ ಶಿಮಾನ ಪದವಿಯ ಹೆಸರು. ಬಕ್‌ವೀಟ್ (ಕುಟ್ಟು) ಬೆರೆಸಿದ ಅಂಟು ಹಿಟ್ಟಿನೊಳಗೆ ಅಜುಕಿ ಕಾಳಿನ ಹೂರಣ, ಎರಡೂ ಬದಿ ಸುಟ್ಟು ಬಿಸಿಬಿಸಿಯಾಗಿ ಕೊಡುತ್ತಾರೆ. ನಮ್ಮ ಹೋಳಿಗೆಯ ಹೂರಣಕ್ಕಿಂತ ಸಿಹಿ ಕಡಿಮೆ. ನಾನು ಎರಡು ತಿಂದೆ.

ಹೂವಿನ ಕಾಲದಲ್ಲಿ ಉದ್ಯಾನದಲ್ಲಿ ಕುರಿಮಾಂಸ ಸುಟ್ಟು ತಿನ್ನುವ ರೂಢಿಯಿದೆ. ನನ್ನಂತೆ ಆ ಹೊಗೆ ಒಗ್ಗದವರು ಬೆಳಿಗ್ಗೆ ಬೇಗ ಹೋಗಿ, ನಡೆದೇ ಹೋಗಿ.