ಮನೆ, ಖಾಲಿ ಕಚೇರಿ, ಬಾಡಿಗೆ ಮೇಜು: ಮೂರರಲ್ಲೂ ಕೂತು ನೋಡಿದ್ದು

ಜನತಾ ಕರ್ಫ್ಯೂಗೆ ಎರಡು ದಿನ ಮೊದಲು, 2020ರ ಮಾರ್ಚ್ 20ರ ರಾತ್ರಿ, ಲ್ಯಾಪ್‌ಟಾಪ್ ಚೀಲವನ್ನು ಎದೆಗೆ ಅವುಚಿಕೊಂಡು ಸಾಗರದ ಬಸ್ಸು ಹತ್ತಿದವನು ನಾನು. ಹದಿನೈದು ದಿನದ ಮಾತು ಎಂದುಕೊಂಡಿದ್ದೆ. ಎರಡು ವರ್ಷ ಊರಲ್ಲೇ ಉಳಿದೆ. ಆಮೇಲೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಅರೆಖಾಲಿ ಕಚೇರಿ. ನಡುವೆ ಒಂದು ತಿಂಗಳು, ಬೇರೆ ಬೇರೆ ಕಂಪನಿಯವರು ಕೂತು ಕೆಲಸ ಮಾಡುವ ಜಾಗದಲ್ಲಿ, ಬಾಡಿಗೆಯ ಮೇಜು. ತಂತ್ರಾಂಶಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಯಾವುದನ್ನು ಕಂಡರೂ ಇದು ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವ ಚಾಳಿ. ಈ ಮೂರನ್ನೂ ಹಾಗೆಯೇ ನೋಡಿದ್ದೇನೆ.

ಮನೆಯ ಬಗ್ಗೆ ಎಲ್ಲರೂ ಮೊದಲು ದೂರುವುದು ಕರೆಂಟು, ನೆಟ್‌ವರ್ಕ್. ಮಲೆನಾಡಿನ ಮಳೆಗಾಲದಲ್ಲಿ ಅದು ಸುಳ್ಳಲ್ಲ. ಲೈನಿನ ಮೇಲೆ ಮರ ಬಿದ್ದರೆ ಇನ್ವರ್ಟರ್ ಸಂಜೆಯವರೆಗೆ ಎಳೆಯುತ್ತದೆ, ಆಮೇಲೆ ದೇವರೇ ಗತಿ. ಆದರೂ ದುಡ್ಡು ಸುರಿದರೆ ಅದಕ್ಕೊಂದು ದಾರಿಯಿದೆ. ದಾರಿಯಿಲ್ಲದ್ದು ‘ಮನೆಯಲ್ಲೇ ಇದ್ದೀಯಲ್ಲ’ ಎಂಬ ಮಾತಿಗೆ. ಸಿಲಿಂಡರ್ ತರುವುದು, ಅಪ್ಪಯ್ಯನನ್ನು ಪೇಟೆಗೆ ಕರೆದೊಯ್ಯುವುದು, ಪಕ್ಕದ ಮನೆಯ ಉಪನಯನದಲ್ಲಿ ಬಡಿಸುವುದು. ಹಗಲೆಲ್ಲ ಊರಿಗೆ, ರಾತ್ರಿಯೆಲ್ಲ ಅಮೆರಿಕಕ್ಕೆ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಹತ್ತಾಗುವಾಗ, ಚಳಿಗಾಲದಲ್ಲಿ ನಮಗೆ ರಾತ್ರಿ ಎಂಟೂವರೆ. ಕಚೇರಿಗೆ ಹೋಗುತ್ತಿದ್ದಾಗ ಕೊನೆಯ ಕ್ಯಾಬ್ ಎಂಬ ಒಂದು ಬೇಲಿಯಿತ್ತು. ಊರಿನ ಮನೆಯಲ್ಲಿ ಅಡಿಕೆ ತೋಟಕ್ಕೆ ಬೇಲಿಯಿತ್ತೇ ಹೊರತು ನನ್ನ ಕೆಲಸಕ್ಕಿರಲಿಲ್ಲ.

ಇಷ್ಟಾದರೂ ಮನೆಗೆ ನಾನು ಕಡಿಮೆ ಅಂಕ ಕೊಡುವುದು ಬೇರೆಯದೇ ಕಾರಣಕ್ಕೆ. 2021ರ ಕೊನೆಗೆ ನಮ್ಮ ತಂಡಕ್ಕೆ ಒಬ್ಬ ಹುಡುಗಿ ಸೇರಿದಳು, ಓದು ಮುಗಿಸಿ ನೇರವಾಗಿ. ಒಂದು ಸಣ್ಣ ಸೆಟ್ಟಿಂಗ್ ಗೊತ್ತಾಗದೆ ಎರಡು ದಿನ ಒದ್ದಾಡಿದ್ದಳು. ಕೇಳಬಾರದಿತ್ತೇ ಎಂದದ್ದಕ್ಕೆ, “ನಿಮ್ಮ ಹೆಸರಿನ ಪಕ್ಕ ಕೆಂಪು ಚುಕ್ಕೆ ಇತ್ತು ಸರ್, ಬಿಡುವಿಲ್ಲ ಅಂದುಕೊಂಡೆ” ಎಂದಳು. ಆ ಎರಡೂ ಮಧ್ಯಾಹ್ನ ನಾನು ಕಚೇರಿಯ ಚಾಟ್‌ನಲ್ಲಿ ನನ್ನ ಚುಕ್ಕೆಯನ್ನು ಕೆಂಪು ಮಾಡಿಟ್ಟು, ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕಲಿತದ್ದು ಯಾರನ್ನೂ ಕೇಳಿ ಅಲ್ಲ. ಪಕ್ಕದ ಮೇಜಿನ ಹಿರಿಯರು ಫೋನಿನಲ್ಲಿ ಗ್ರಾಹಕರನ್ನು ಸಮಾಧಾನಪಡಿಸುವುದು ಕಿವಿಗೆ ಬೀಳುತ್ತಿತ್ತು; ಅವರು ತಪ್ಪು ಮಾಡಿ ನಾಲಿಗೆ ಕಚ್ಚಿಕೊಳ್ಳುವುದು ಕಣ್ಣಿಗೆ ಬೀಳುತ್ತಿತ್ತು. ಆ ಹುಡುಗಿಯ ಪಾಲಿಗೆ ಬಿದ್ದದ್ದು ನನ್ನ ಚುಕ್ಕೆ ಮಾತ್ರ.

ಹಾಗಾಗಿ 2022ರಲ್ಲಿ ಕಚೇರಿ ತೆರೆದಾಗ ಹುಮ್ಮಸ್ಸಿನಿಂದಲೇ ಹೋದೆ. ವಾರಕ್ಕೆ ಮೂರು ದಿನ, ಯಾವ ದಿನ ಬೇಕಾದರೂ ಬನ್ನಿ ಎಂದಿದ್ದರು. ಕೇಳಲು ಎಷ್ಟು ಚೆಂದ! ಒಬ್ಬರು ಸೋಮವಾರ ಬಂದರು, ಇನ್ನೊಬ್ಬರು ಬುಧವಾರ. ಬನಶಂಕರಿಯಿಂದ ಸಿಲ್ಕ್ ಬೋರ್ಡ್ ದಾಟಿ, ಮೆಟ್ರೊ ಕಾಮಗಾರಿಯ ತಗಡಿನ ಗೋಡೆಗಳ ನಡುವೆ ತೆವಳಿ ಒಂದೂವರೆ ಗಂಟೆಗೆ ತಲುಪಿದರೆ, ನೂರಿಪ್ಪತ್ತು ಕುರ್ಚಿಗಳ ಮಹಡಿಯಲ್ಲಿ ಏಳು ಜನ. ಅಲ್ಲಿ ದೀಪಗಳು ಅಲುಗಾಟ ಕಂಡರೆ ಹೊತ್ತಿಕೊಳ್ಳುವಂಥವು. ಸುಮ್ಮನೆ ಕೂತು ಕೆಲಸ ಮಾಡುವ ಒಬ್ಬನೇ ಮನುಷ್ಯ ಅವುಗಳ ಲೆಕ್ಕಕ್ಕಿಲ್ಲ. ಆಗಾಗ ಪಟ್ಟನೆ ಕತ್ತಲು. ಎದ್ದು ನಿಂತು ಚಾವಣಿಗೆ ಕೈ ಬೀಸಬೇಕು, ಬಸ್ ನಿಲ್ಲಿಸುವವನ ಹಾಗೆ.

ಮೀಟಿಂಗ್ ಇನ್ನೂ ತಮಾಷೆ. ಒಬ್ಬರು ಹುಬ್ಬಳ್ಳಿಯಲ್ಲಿ, ಒಬ್ಬರು ಪುಣೆಯಲ್ಲಿ, ಮತ್ತೊಬ್ಬರು ನನ್ನದೇ ಮಹಡಿಯ ಕಂಬದ ಆಚೆ. ಕಂಬದಾಚೆಯವರ ಮಾತು ಮೊದಲು ಗಾಳಿಯಲ್ಲಿ ಬರುತ್ತಿತ್ತು, ಅರೆಕ್ಷಣ ತಡೆದು ಇಯರ್‌ಫೋನಿನಲ್ಲಿ. ಅದೇ ಮೀಟಿಂಗನ್ನು ಲುಂಗಿ ಉಟ್ಟು ಸಾಗರದಲ್ಲಿ ಮಾಡುತ್ತಿದ್ದೆನಲ್ಲ! ಕ್ಯಾಂಟೀನಿನಲ್ಲಿ ಒಂದೇ ಕೌಂಟರು, ಒಂದೇ ಚಿತ್ರಾನ್ನ. ಗೇಟಿನೆದುರಿನ ಗೂಡಂಗಡಿಯವರು ಶುಕ್ರವಾರ ಬಾಗಿಲು ತೆರೆಯುವುದನ್ನೇ ಬಿಟ್ಟಿದ್ದರು. ಹಾಲು ಉಳಿದು ಹುಳಿಯಾಗುತ್ತದೆ ಎಂದರು. ಮನೆಯಿಂದ ಕೆಲಸ ಮಾಡಿದರೆ ಯಾರಿಗೆ ನಷ್ಟ ಎಂಬ ಚರ್ಚೆಯಲ್ಲಿ ಈ ಹಾಲಿನ ಲೆಕ್ಕ ಬಂದದ್ದನ್ನು ನಾನು ಕೇಳಿಲ್ಲ. ಬೈ-ಟು ಕಾಫಿ ಹೇಳೋಣವೆಂದರೆ ಅದಕ್ಕೂ ಇನ್ನೊಬ್ಬರು ಬೇಕು.

ಖಾಲಿ ಕಚೇರಿ ಮನೆಗಿಂತ ಕೆಟ್ಟದ್ದು ಎಂದು ನಾನು ತೀರ್ಮಾನಿಸಿದ್ದು ಅಲ್ಲಿಯೇ. ಮನೆಯ ಒಂಟಿತನಕ್ಕೆ ದಾರಿಖರ್ಚಿಲ್ಲ. 2022ರ ಸೆಪ್ಟೆಂಬರಿನ ಪ್ರವಾಹದಲ್ಲಿ ಬೆಂಗಳೂರಿನ ಐಟಿ ನೌಕರರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಾಗ, ಒಳಗೆ ಎಷ್ಟು ದೀಪ ಉರಿಯುತ್ತಿದ್ದವೋ ಎಂದು ಯೋಚಿಸಿ ನಕ್ಕಿದ್ದೆ.

ಬಾಡಿಗೆ ಮೇಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಯನಗರದಲ್ಲಿ, ದಿನಕ್ಕೆ 400 ರೂಪಾಯಿ. ಕುರ್ಚಿ ಚೆನ್ನಾಗಿತ್ತು, ನೆಟ್ ಒಮ್ಮೆಯೂ ನಿಲ್ಲಲಿಲ್ಲ, ಜನ ತುಂಬಿದ್ದರು. ಆದರೆ ನನ್ನ ಕಿವಿಗೆ ಬಿದ್ದದ್ದೆಲ್ಲ ಪಕ್ಕದವರ ವಿಮೆ ಮಾರಾಟದ ಮಾತು. ತಿಂಗಳ ಕೊನೆಗೆ ಪ್ರೀಮಿಯಂ ಲೆಕ್ಕ ನನಗೂ ಬಾಯಿಪಾಠವಾಗಿತ್ತು.

ಇದೆಲ್ಲದರ ನಡುವೆ ಟ್ರಿಪ್.ಕಾಂ ಎಂಬ ಚೀನಾದ ಕಂಪನಿಯಲ್ಲಿ ನಡೆದ ಪ್ರಯೋಗದ ಬಗ್ಗೆ ಓದಿದೆ. 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದದ್ದು. 1,612 ನೌಕರರಲ್ಲಿ ಒಂದು ಗುಂಪಿಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ. ಆ ಗುಂಪಿನಲ್ಲಿ ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು, ಕೆಲಸವೂ ಕೆಡಲಿಲ್ಲ. ಎಲ್ಲರೂ ಎತ್ತಿ ಹೇಳುವುದು ಇಷ್ಟನ್ನೇ. ನನಗೆ ಕಂಡದ್ದು ಇನ್ನೊಂದು: ಮನೆಯ ದಿನಗಳು ಬುಧವಾರ ಮತ್ತು ಶುಕ್ರವಾರ ಎಂದು ಮೊದಲೇ ಗೊತ್ತುಮಾಡಿದ್ದರು. ಅಂದರೆ ಬರುವ ದಿನ ಎಲ್ಲರೂ ಬರುತ್ತಿದ್ದರು.

ನಮ್ಮ ತಂಡದಲ್ಲಿ ಇದನ್ನು ಜಗಳವಾಡಿಯೇ ತಂದೆ. ಈಗ ಮಂಗಳವಾರ, ಗುರುವಾರ ಎಲ್ಲರೂ ಕಚೇರಿಯಲ್ಲಿ. ಮಿಕ್ಕ ದಿನ ಅವರವರ ಇಷ್ಟ. ಪುಣೆಯವರು ಒಪ್ಪದೆ ಬೇರೆ ತಂಡಕ್ಕೆ ಹೋದರು, ಅದು ನಷ್ಟವೇ. ಸಿಲ್ಕ್ ಬೋರ್ಡ್ ಕೂಡ ಎಲ್ಲಿತ್ತೋ ಅಲ್ಲೇ ಇದೆ. ಆ ಹುಡುಗಿ ಮಾತ್ರ ಈಗ ಸಂದೇಶ ಕಳುಹಿಸುವುದಿಲ್ಲ. ನನ್ನ ಮೇಜಿನ ಅಂಚು ತಟ್ಟಿ, ಚುಕ್ಕೆ ಯಾವ ಬಣ್ಣದಲ್ಲಿದ್ದರೂ ಕೇಳುತ್ತಾಳೆ. ನಾಲ್ಕು ಗಂಟೆಗೆ ಗೂಡಂಗಡಿಗೆ ಹೋಗುವ ನಾವು ಏಳು ಜನ. ನಾಲ್ಕು ಕಾಫಿ ಬೈ-ಟು ಹೇಳಿದರೆ ಅರ್ಧ ಲೋಟ ಉಳಿಯುತ್ತದೆ. ಅದು ಗೇಟಿನ ಕಾವಲುಗಾರರಿಗೆ.