ಕಾಂಬಿನೇಷನ್ ಸಲಹೆಗೆ ಎರಡೂವರೆ ಸಾವಿರ ರೂಪಾಯಿ: ಕೊಡಬಹುದೇ?

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಪಿಯುಸಿಯಲ್ಲಿ ಯಾವ ವಿಷಯಗಳ ಗುಂಪು, ಅಂದರೆ ಕಾಂಬಿನೇಷನ್, ತೆಗೆದುಕೊಳ್ಳಬೇಕೆಂದು ಹೇಳಿಕೊಡುವ ಕೇಂದ್ರವೊಂದು ತುಮಕೂರಿನಲ್ಲಿದೆ. ಶುಲ್ಕ 2,500 ರೂಪಾಯಿ. ಎಂಜಿನಿಯರಿಂಗ್ ಓದಬೇಕೆಂದಿರುವ ನನ್ನ ಅಕ್ಕನ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಪೀಣ್ಯದ ಟೂಲ್‌ರೂಮಿನಲ್ಲಿ ಇಷ್ಟು ವರ್ಷ ಎಂಜಿನಿಯರುಗಳ ನಡುವೆಯೇ ದುಡಿದವನು ಎಂಬ ಕಾರಣಕ್ಕೆ ಮನೆಯವರಿಗೆ ನನ್ನ ಮೇಲೆ ನಂಬಿಕೆ. ಕೇಂದ್ರದ ಹೆಸರು ಬರೆಯುವುದಿಲ್ಲ. ಇಂಥವು ಈಗ ಎಲ್ಲ ಊರುಗಳಲ್ಲೂ ತಲೆಯೆತ್ತಿವೆ. ಫಲಕದ ಮೇಲೆ ಏನಿದೆ ಎನ್ನುವುದಕ್ಕಿಂತ ಒಳಗೆ ಏನು ಮಾರುತ್ತಾರೆ ಎನ್ನುವುದು ತಿಳಿದರೆ ಸಾಕು.

ಮೊದಲು ಮಾರಲು ಬಂದದ್ದು ಬೆರಳಚ್ಚು. ಸ್ವಾಗತದ ಮೇಜಿನಲ್ಲಿದ್ದ ಯುವಕ, ಹತ್ತು ಬೆರಳುಗಳ ಗೆರೆಗಳನ್ನು ಸ್ಕ್ಯಾನ್ ಮಾಡಿದರೆ ಮಗುವಿನ ಮೆದುಳಿನ ಯಾವ ಭಾಗ ಚುರುಕಾಗಿದೆ, ಯಾವ ಕೋರ್ಸ್ ಒಗ್ಗುತ್ತದೆ ಎಂಬುದೆಲ್ಲ ನಲವತ್ತು ಪುಟಗಳ ವರದಿಯಲ್ಲಿ ಬರುತ್ತದೆ ಎಂದ. ಅದಕ್ಕೆ ಪ್ರತ್ಯೇಕವಾಗಿ 1,500 ರೂಪಾಯಿ. ಬೆರಳಿನ ಗೆರೆ ತಾಯಿಯ ಹೊಟ್ಟೆಯಲ್ಲೇ ಮೂಡುವಂಥದ್ದು. ಹತ್ತನೇ ತರಗತಿಯಲ್ಲಿ ತ್ರಿಕೋನಮಿತಿ ಕಲಿತರೂ ಕಲಿಯದಿದ್ದರೂ ಅದು ಬದಲಾಗುವುದಿಲ್ಲ. ಮೈಕ್ರೊಮೀಟರ್ ಕೊಂಡರೂ ಅಳತೆಯ ಪ್ರಮಾಣಪತ್ರ ಕೇಳುವ ವೃತ್ತಿ ನನ್ನದು. ಈ ಯಂತ್ರವನ್ನು ಯಾವುದರ ಎದುರಿಗಿಟ್ಟು ಪರೀಕ್ಷಿಸಿದ್ದೀರಿ ಎಂದು ಕೇಳಿದೆ. ‘ವಿದೇಶಿ ಸಾಫ್ಟ್‌ವೇರ್ ಸರ್’ ಎಂಬ ಉತ್ತರ ಬಂತು. ಬೇಡವೆಂದೆ. ಪಕ್ಕದಲ್ಲಿ ಕುಳಿತಿದ್ದ ದಂಪತಿ ಆಗಲೇ ದುಡ್ಡು ಕಟ್ಟಿದ್ದರು, ಪಾಪ.

ನಂತರ ಕಂಪ್ಯೂಟರಿನಲ್ಲಿ ಆಪ್ಟಿಟ್ಯೂಡ್ ಪರೀಕ್ಷೆ. ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಆಕಾರ ತಿರುಗಿಸುವ, ಸಂಖ್ಯೆಗಳ ಸರಣಿ ತುಂಬುವ ಪ್ರಶ್ನೆಗಳು, ಎಲ್ಲವೂ ಇಂಗ್ಲಿಷಿನಲ್ಲಿ. ನಮ್ಮ ಹುಡುಗಿ ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು. ಅವಳಿಗೆ ಬಂದ ಅಂಕದಲ್ಲಿ ಬುದ್ಧಿಯ ಪಾಲೆಷ್ಟು, ಇಂಗ್ಲಿಷಿನ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಕೊಟ್ಟ ಹಣಕ್ಕೆ ಬೆಲೆ ಬಂದದ್ದು ಮೂರನೆಯ ಕೋಣೆಯಲ್ಲಿ. ಅಲ್ಲಿದ್ದವರು ನಿವೃತ್ತ ಗಣಿತ ಉಪನ್ಯಾಸಕರು. ನಮ್ಮ ಕಂಪ್ಯೂಟರ್ ವರದಿಯನ್ನು ತಿರುವಿ ನೋಡದೆ ಬದಿಗಿಟ್ಟು, ಪ್ರಥಮ ಪಿಯುಸಿಯ ಗಣಿತ ಪುಸ್ತಕ ತೆಗೆದು ತ್ರಿಕೋನಮಿತಿಯ ಒಂದು ಪುಟವನ್ನು ಅವಳ ಮುಂದಿಟ್ಟರು. ‘ಓದು. ಅರ್ಥವಾದಷ್ಟನ್ನು ಕನ್ನಡದಲ್ಲೇ ನನಗೆ ಹೇಳು. ಅವಸರವಿಲ್ಲ’ ಎಂದರು. ಅವಳು ಬಹಳ ಹೊತ್ತು ಓದಿದಳು. ಕೋನದ ಅಳತೆಯಾದ ರೇಡಿಯನ್ ಎಂದರೇನು ಎನ್ನುವಲ್ಲಿ ತಡವರಿಸಿ, ಹಾಳೆಯ ಮೇಲೆ ವೃತ್ತ ಬರೆದು, ತ್ರಿಜ್ಯದಷ್ಟೇ ಉದ್ದದ ಕಂಸವನ್ನು ಗುರುತಿಸಿ ತಾನೇ ದಾರಿ ಕಂಡುಕೊಂಡಳು. ಅವರು ನನ್ನತ್ತ ತಿರುಗಿ ‘ನಿಧಾನ, ಆದರೆ ಬಿಡುವವಳಲ್ಲ. ಈ ಪುಸ್ತಕದ ಜೊತೆ ಎರಡು ವರ್ಷ ಬಾಳುವೆ ಮಾಡಬಲ್ಲಳು’ ಎಂದರು. ಮುಂದೆ ಬರುವ ಅವಕಲನ, ಅನುಕಲನ, ಸದಿಶಗಳ ಹೆಸರು ಹೇಳಿ, ಎಂಜಿನಿಯರಿಂಗ್ ಕಾಲೇಜಿನ ಮೊದಲ ಎರಡು ವರ್ಷವೂ ಇವೇ ಬೆನ್ನಟ್ಟಿ ಬರುತ್ತವೆ ಎಂದು ಎಚ್ಚರಿಸಿದರು. ಹಾಗೆಯೇ, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯ ಸೀಟುಗಳಲ್ಲಿ ಶೇ 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15 ಮೀಸಲಾತಿ ಇದೆ, ವ್ಯಾಸಂಗ ಪ್ರಮಾಣಪತ್ರಗಳನ್ನು ಕೊನೆಯ ವಾರಕ್ಕೆ ಬಿಡಬೇಡಿ ಎಂದೂ ನೆನಪಿಸಿದರು. ಅಕ್ಕನಿಗೆ ಇದು ಗೊತ್ತೇ ಇರಲಿಲ್ಲ.

ಇಲ್ಲಿಗೇ ನಮ್ಮನ್ನು ಮನೆಗೆ ಕಳಿಸಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ. ಆದರೆ ಅಂತಿಮ ಶಿಫಾರಸು ಕೊಡುವವರು ಬೇರೆ. ಕೇಂದ್ರದ ಮುಖ್ಯಸ್ಥರು ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ‘ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ತೆಗೆದುಕೊಳ್ಳಿ, ಎರಡೂ ಕಡೆ ಬಾಗಿಲು ತೆರೆದಿರುತ್ತದೆ; ಜೀವಶಾಸ್ತ್ರ ಬಿಟ್ಟರೆ ವೈದ್ಯಕೀಯ ಶಾಶ್ವತವಾಗಿ ಮುಚ್ಚಿಹೋಗುತ್ತದೆ’ ಎಂದರು. ಜೊತೆಗೇ, ಎಂಜಿನಿಯರಿಂಗ್ ಪ್ರವೇಶದ ಜೆಇಇ ಮತ್ತು ವೈದ್ಯಕೀಯ ಪ್ರವೇಶದ ನೀಟ್ ಎರಡಕ್ಕೂ ತರಬೇತಿ ಕೊಡುವ ವಸತಿ ಕಾಲೇಜೊಂದರ ಬಣ್ಣದ ಪುಸ್ತಿಕೆ ಮೇಜಿನ ಮೇಲೆ ಬಂತು. ಶಿಫಾರಸೂ ಪುಸ್ತಿಕೆಯೂ ಒಂದೇ ಡ್ರಾಯರಿನಿಂದ ಹೊರಬಂದಾಗ ನನಗೆ ಅನುಮಾನ ಬರುತ್ತದೆ.

ಶಾಶ್ವತ ಎಂಬ ಮಾತೂ ಪೂರ್ತಿ ನಿಜವಲ್ಲ. ಭೌತ, ರಸಾಯನ, ಗಣಿತ ಓದಿ ಪಾಸಾದವರು ಆಮೇಲೆ ಮಾನ್ಯತೆ ಪಡೆದ ಮಂಡಳಿಯಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ತೇರ್ಗಡೆಯಾದರೂ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲೇ ಹೇಳಿದೆ. ಅದು ಸುಲಭದ ದಾರಿಯಲ್ಲ, ಒಪ್ಪುತ್ತೇನೆ. ಹುಡುಗಿಗೆ ವೈದ್ಯಳಾಗುವ ಆಸೆ ನಿಜವಾಗಿಯೂ ಇದ್ದರೆ ಪಿಸಿಎಂಬಿಯೇ ಸರಿ. ಪಶುವೈದ್ಯಕೀಯ ಅಥವಾ ಕೃಷಿ ಪದವಿಯತ್ತ ಮನಸ್ಸಿದ್ದರೂ ಸರಿ. ನಮ್ಮವಳು ರಕ್ತ ಕಂಡರೆ ಮುಖ ತಿರುಗಿಸುವವಳು. ಎಂಜಿನಿಯರಿಂಗ್ ಎಂದು ಬರೆದ ಅರ್ಜಿಯನ್ನು ಅವರ ಕೈಗೇ ಕೊಟ್ಟಿದ್ದಳು.

ಎರಡೂವರೆ ಸಾವಿರ ತೆಗೆದುಕೊಂಡವರು ಮೊದಲ ಐದು ನಿಮಿಷದಲ್ಲೇ ಹೇಳಬೇಕಾಗಿದ್ದ ಒಂದು ಲೆಕ್ಕವಿದೆ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದ್ದು ಅರ್ಧ ತೂಕ, ಸಿಇಟಿಯ ಅದೇ ಮೂರು ವಿಷಯಗಳದ್ದು ಇನ್ನರ್ಧ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಪಿಯುಸಿಯಲ್ಲಿ ಮೂರರಿಂದ 300ಕ್ಕೆ 270 ತೆಗೆದು, ಸಿಇಟಿಯಲ್ಲಿ 180ಕ್ಕೆ 90 ಬಂದರೆ 45 ಮತ್ತು 25 ಸೇರಿ ನೂರಕ್ಕೆ 70. ನಾಲ್ಕನೆಯ ವಿಷಯದಲ್ಲಿ ನೂರಕ್ಕೆ ನೂರು ಬಂದರೂ ಈ ಎಪ್ಪತ್ತು ಎಪ್ಪತ್ತೊಂದಾಗುವುದಿಲ್ಲ. ಜೀವಶಾಸ್ತ್ರವಾದರೂ ಅಷ್ಟೇ, ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್, ಸಂಖ್ಯಾಶಾಸ್ತ್ರವಾದರೂ ಅಷ್ಟೇ. ಪಾಸಾಗಲೇಬೇಕು, ಒಟ್ಟು ಶೇಕಡಾವಾರಿಗೆ ಬೇಕು, ರ‍್ಯಾಂಕಿಗೆ ಬೇಕಿಲ್ಲ. ಜೆಇಇ ಮೇನ್ ಮತ್ತು ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆಯಲ್ಲೂ ಕೇಳುವುದು ಈ ಮೂರನ್ನೇ.

ಇನ್ನೊಂದು ತಪ್ಪು ಕಲ್ಪನೆಯೂ ಮುಖ್ಯಸ್ಥರ ಕೋಣೆಯಲ್ಲಿ ಕೇಳಿಬಂತು: ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಬೇಕಾದರೆ ಪಿಸಿಎಂಸಿ (ನಾಲ್ಕನೆಯದು ಕಂಪ್ಯೂಟರ್ ಸೈನ್ಸ್), ಬಯೊಟೆಕ್ನಾಲಜಿ ಬೇಕಾದರೆ ಪಿಸಿಎಂಬಿ ಎಂಬುದು. ಹಾಗೇನೂ ಇಲ್ಲ. ಎರಡೂ ಶಾಖೆಗಳ ಬಿಇ ಸೀಟು ಹಂಚಿಕೆಯಾಗುವುದು ಒಂದೇ ಎಂಜಿನಿಯರಿಂಗ್ ರ‍್ಯಾಂಕಿನ ಮೇಲೆ. ಪ್ರೋಗ್ರಾಮಿಂಗನ್ನು ಎಂಜಿನಿಯರಿಂಗ್ ಕಾಲೇಜುಗಳು ಮೊದಲ ವರ್ಷದಲ್ಲಿ ಅಆಇಈಯಿಂದ ಶುರುಮಾಡುತ್ತವೆ.

ಹಾಗಾದರೆ ನಾಲ್ಕನೆಯದನ್ನು ಹೇಗೆ ಆರಿಸುವುದು? ನನ್ನ ಅಭಿಪ್ರಾಯ ಒರಟು: ಆ ಕಾಲೇಜಿನಲ್ಲಿ ಯಾವ ವಿಷಯಕ್ಕೆ ಒಳ್ಳೆಯ ಉಪನ್ಯಾಸಕರಿದ್ದಾರೋ ಅದು. ನನಗಂತೂ ಎಲೆಕ್ಟ್ರಾನಿಕ್ಸ್ ಮೇಲೆ ಪಕ್ಷಪಾತವಿದೆ. ಡಯೋಡು, ಟ್ರಾನ್ಸಿಸ್ಟರು, ಆಪ್‌ಆಂಪ್, ಲಾಜಿಕ್ ಗೇಟುಗಳನ್ನು ಹದಿನೇಳನೇ ವಯಸ್ಸಿನಲ್ಲಿ ಬ್ರೆಡ್‌ಬೋರ್ಡಿನ ಮೇಲೆ ಜೋಡಿಸಿದವನು ಮುಂದೆ ಯಂತ್ರದ ಕಂಟ್ರೋಲ್ ಪ್ಯಾನೆಲ್ ತೆರೆದಾಗ ಹೆದರುವುದಿಲ್ಲ. ಆದರೆ ನಮಗೆ ಹತ್ತಿರವಿರುವ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಹುದ್ದೆ ಖಾಲಿ. ಭೌತಶಾಸ್ತ್ರದವರೇ ಬಿಡುವಿದ್ದಾಗ ಪಾಠ ಮಾಡುತ್ತಾರೆ. ಹೀಗಿರುವಲ್ಲಿ ಕಾಗದದ ಮೇಲಿನ ಪಿಸಿಎಂಇಯಿಂದ ಏನು ಪ್ರಯೋಜನ? ಜೀವಶಾಸ್ತ್ರ ಓದಲು ಚೆಂದ, ಆದರೆ ಚಿತ್ರ, ರೆಕಾರ್ಡು, ಕಂಠಪಾಠಕ್ಕೆ ಬೇಕಾಗುವ ಸಮಯ ಎಲ್ಲಿಂದಲೋ ಬರಬೇಕು. ಸಾಮಾನ್ಯವಾಗಿ ಅದು ಗಣಿತದ ಪಾಲಿನಿಂದಲೇ ಬರುತ್ತದೆ. ಸಂಖ್ಯಾಶಾಸ್ತ್ರವನ್ನು ಜನ ಕಡೆಗಣಿಸುತ್ತಾರೆ. ಸಂಭವನೀಯತೆ, ವಿತರಣೆಗಳು, ಗುಣಮಟ್ಟ ನಿಯಂತ್ರಣದ ಚಾರ್ಟುಗಳು ಅದರಲ್ಲಿವೆ. ನಮ್ಮ ಶಾಪಿಗೆ ಸೇರುವ ಹೊಸ ಎಂಜಿನಿಯರುಗಳು ನಿಯಂತ್ರಣ ಚಾರ್ಟಿನ ಮುಂದೆ ಕಕ್ಕಾಬಿಕ್ಕಿಯಾಗುವುದನ್ನು ನೋಡಿದವನು ನಾನು.

ಕೇಂದ್ರದ ಬಗ್ಗೆ ನನ್ನ ದೊಡ್ಡ ತಕರಾರು ಬೇರೆ. ಪಾಲಿಟೆಕ್ನಿಕ್ ಎಂಬ ಪದ ಅಷ್ಟೂ ಹೊತ್ತಿನಲ್ಲಿ ಒಮ್ಮೆಯೂ ಅವರ ಬಾಯಿಂದ ಬರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದವರು ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು, ನೇರವಾಗಿ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ನನ್ನ ಜೊತೆ ಡಿಪ್ಲೊಮಾ ಮುಗಿಸಿ ಹಾಗೆ ಹೋದವರಲ್ಲಿ ಇಬ್ಬರು ಈಗ ನನ್ನ ಮೇಲಧಿಕಾರಿಗಳು. ಒಟ್ಟು ಲೆಕ್ಕದಲ್ಲಿ ಪಿಯುಸಿ ದಾರಿಗೂ ಇದಕ್ಕೂ ವರ್ಷಗಳ ವ್ಯತ್ಯಾಸವಿಲ್ಲ, ಎರಡರಲ್ಲೂ ಆರು. ನಡುವೆ ನಿಲ್ಲಿಸಬೇಕಾಗಿ ಬಂದರೂ ಕೈಯಲ್ಲೊಂದು ಕೆಲಸಕ್ಕೆ ಬರುವ ಪತ್ರವಿರುತ್ತದೆ. ತೊಂದರೆಯೂ ಇದೆ: ಗಣಿತದ ಅಡಿಪಾಯ ತೆಳುವಾಗಿ, ಎಂಜಿನಿಯರಿಂಗ್ ಸೇರಿದ ಮೇಲೆ ಅದಕ್ಕೆಂದೇ ಹೆಚ್ಚುವರಿ ಗಣಿತ ಪತ್ರಿಕೆ ಬರೆಯಬೇಕಾಗಬಹುದು. ಐಐಟಿ, ಸುರತ್ಕಲ್‌ನ ಎನ್‌ಐಟಿಯ ಕನಸಿದ್ದರೆ ಈ ದಾರಿ ಬೇಡ. ಎರಡನ್ನೂ ಮುಂದಿಟ್ಟು ‘ಆರಿಸಿಕೊಳ್ಳಿ’ ಎನ್ನುವುದು ಮಾರ್ಗದರ್ಶನ. ಪಾಲಿಟೆಕ್ನಿಕ್ಕಿಗೆ ಮಕ್ಕಳನ್ನು ಕಳಿಸಿದರೆ ಕಮಿಷನ್ ಸಿಗುವುದಿಲ್ಲ ಎನ್ನುವುದು ನನ್ನ ಊಹೆ; ಸಾಬೀತು ಮಾಡಲಾರೆ.

ಉಳಿದ ಸಣ್ಣಪುಟ್ಟವು: ಸಮಯಕ್ಕೆ ಸರಿಯಾಗಿ ಕರೆದರು, ಕುಡಿಯುವ ನೀರಿತ್ತು, ರಸೀದಿಯನ್ನು ಕೇಳಿದ ಮೇಲೆ ಕೊಟ್ಟರು. ‘ಒಂದು ವರ್ಷ ಉಚಿತ ಸಂಪರ್ಕ’ ಎಂದಿದ್ದರು. ಆ ಸಂಪರ್ಕದಡಿ ಇದುವರೆಗೆ ಬಂದಿರುವುದು ವಸತಿ ಕಾಲೇಜಿನ ರಿಯಾಯಿತಿ ಸಂದೇಶಗಳು ಮಾತ್ರ.

ಹುಡುಗಿ ಕೊನೆಗೆ ಗಣಿತದ ಜೊತೆ ಕಂಪ್ಯೂಟರ್ ಸೈನ್ಸ್ ಆರಿಸಿಕೊಂಡಳು, ಬಸ್ಸಿನಲ್ಲಿ ದಿನಾ ಹೋಗಿಬರಬಹುದಾದ ಕಾಲೇಜಿನಲ್ಲಿ. ಆ ವಿಷಯದ ಉಪನ್ಯಾಸಕಿ ಮಕ್ಕಳನ್ನು ಪ್ರಯೋಗಾಲಯದಿಂದ ಸುಲಭಕ್ಕೆ ಹೊರಗೆ ಬಿಡುವುದಿಲ್ಲವಂತೆ, ಅದೇ ಕಾರಣ. ಸಂಖ್ಯಾಶಾಸ್ತ್ರಕ್ಕೆ ನಾನು ಹಾಕಿದ ಮತ ಬಿದ್ದುಹೋಯಿತು.

ನೀವು ಹೋಗುವುದಾದರೆ ಆ ಗಣಿತ ಉಪನ್ಯಾಸಕರು ಕೂರುವ ದಿನ ಯಾವುದೆಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಅವರೊಬ್ಬರ ಮಾತಿಗೆ ಎಷ್ಟು ಶುಲ್ಕ ಎಂದೂ ಕೇಳಿ. ನಾನು ಕೇಳಿದಾಗ 800 ರೂಪಾಯಿ ಎಂದರು, ಫಲಕದ ಮೇಲೆ ಅದನ್ನು ಬರೆದಿಲ್ಲ. ನನ್ನ ಲೆಕ್ಕದಲ್ಲಿ ಅವರಿಗೆ ಐದು ನಕ್ಷತ್ರ, ಕೇಂದ್ರಕ್ಕೆ ಎರಡು.