ಕುದುರೆ ಲಾಯದ ಹಾಸಿಗೆ ಕೋಕೋಪೀಟ್ ಬ್ಲಾಕ್: ದಾವಣಗೆರೆಯಲ್ಲಿ ಆರು ತಿಂಗಳು ಬಳಸಿದ ಅನುಭವ

ದಾವಣಗೆರೆಯ ಹೊರವಲಯದಲ್ಲಿ ಮದುವೆ ಮೆರವಣಿಗೆಗಳಿಗೆ ಕಳುಹಿಸುವ ಎರಡು ಕುದುರೆಗಳನ್ನು ಸಾಕಿರುವ ನಾನು, ಕಳೆದ ಮಾರ್ಚ್‌ನಿಂದ ಆಗಸ್ಟ್ ಕೊನೆಯವರೆಗೆ ಲಾಯದ ನೆಲಕ್ಕೆ ಭತ್ತದ ಹೊಟ್ಟಿನ ಬದಲು 5 ಕೆಜಿಯ ಕೋಕೋಪೀಟ್ ಬ್ಲಾಕ್‌ಗಳನ್ನು, ಅಂದರೆ ಇಟ್ಟಿಗೆಯಂತೆ ಒತ್ತಿದ ತೆಂಗಿನ ನಾರಿನ ಪುಡಿಯನ್ನು, ಬಳಸಿ ನೋಡಿದೆ. ನರ್ಸರಿಗಳಿಗೆಂದು ಮಾರುವ ಈ ಸರಕು ಲಾಯಕ್ಕೆ ಆಗುತ್ತದೆಯೇ ಎಂದು ಕುದುರೆ ಸಾಕಿದ ಇಬ್ಬರು ಮೂವರು ಕೇಳಿದ್ದಾರೆ. ಆಗುತ್ತದೆ, ಆದರೆ ಲಾಯದ ತುಂಬ ಹಾಸುವುದಕ್ಕಲ್ಲ.

ನಮ್ಮ ಕಡೆ ಭತ್ತದ ಹೊಟ್ಟಿಗೆ ಕೊರತೆಯಿಲ್ಲ. ಭದ್ರಾ ನಾಲೆಯ ನೀರು ಹರಿಯುವ ಊರುಗಳ ಭತ್ತವೆಲ್ಲ ಇಲ್ಲಿನ ಮತ್ತು ಹರಿಹರದ ಅಕ್ಕಿ ಗಿರಣಿಗಳಿಗೆ ಬರುವುದರಿಂದ, ಮಂಡಕ್ಕಿ ಭಟ್ಟಿಗಳ ಒಲೆಗೆ ಹೋಗಿ ಉಳಿದದ್ದೂ ನಮಗೆ ಸಾಕಾಗುತ್ತದೆ. ತೊಂದರೆ ಇರುವುದು ಹೊಟ್ಟಿನ ಗುಣದಲ್ಲಿ. ಅದರ ಮೈಯಲ್ಲಿ ಸಿಲಿಕಾ ಹೆಚ್ಚು, ಹೊರಪದರ ನುಣುಪು. ಹಾಗಾಗಿ ಅದು ಮೂತ್ರವನ್ನು ಹೀರುವುದಿಲ್ಲ, ತನ್ನ ಸಂದುಗಳಿಂದ ಕೆಳಗಿಳಿಸುತ್ತದೆ. ನೆಲಕ್ಕೆ ಸರಿಯಾದ ಇಳಿಜಾರೂ ಕಾಲುವೆಯೂ ಇದ್ದರೆ ಇದನ್ನು ದೋಷವೆನ್ನಲಾಗದು. ನನ್ನ ಲಾಯದ ಕಡಪ ಕಲ್ಲಿನ ನೆಲ ಮಾತ್ರ ಒಂದು ಮೂಲೆಯಲ್ಲಿ ತಗ್ಗಾಗಿದೆ. ಕುದುರೆಯೊಂದು ದಿನಕ್ಕೆ ಸುಮಾರು 5ರಿಂದ 10 ಲೀಟರ್ ಮೂತ್ರ ಮಾಡುತ್ತದೆ. ಅದು ನಿಂತಲ್ಲಿ ಸೂಕ್ಷ್ಮಜೀವಿಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಮುಂಜಾನೆ ಬಾಗಿಲು ತೆರೆದಾಗ ನಿಂತ ಮನುಷ್ಯನ ಮೂಗಿಗೆ ಬರುವ ವಾಸನೆಯನ್ನು ನಂಬಬಾರದು. ಕುದುರೆ ಮಲಗಿದಾಗ ಅದರ ಮೂಗು ಎಲ್ಲಿರುತ್ತದೆಯೋ ಅಲ್ಲಿಗೆ ಮಂಡಿಯೂರಿ ಬಗ್ಗಿ ಒಮ್ಮೆ ಉಸಿರೆಳೆದರೆ, ಕಣ್ಣಿನಲ್ಲಿ ನೀರು ಬರುವುದರೊಂದಿಗೆ ನಿಜ ಸ್ಥಿತಿ ತಿಳಿಯುತ್ತದೆ. ಹಾಗೆ ಬಗ್ಗಿ ನೋಡಿದ ದಿನವೇ ಹಾಸನ್ನು ಬದಲಿಸಲು ತೀರ್ಮಾನಿಸಿದೆ. ವಾಸನೆ ಕಡಿಮೆಯಾಗಲೆಂದು ಸುಣ್ಣ ಎರಚುವವರಿದ್ದಾರೆ. ಸುಣ್ಣದ ಕ್ಷಾರಗುಣ ಅಮೋನಿಯಾವನ್ನು ಇನ್ನಷ್ಟು ಗಾಳಿಗೆ ಬಿಡಿಸುತ್ತದೆ. ಜೊತೆಗೆ ಚರ್ಮವನ್ನೂ ಸುಡುತ್ತದೆ.

ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುವ ವಸ್ತು. ಹೊಸದುರ್ಗ, ಹಿರಿಯೂರಿನ ತೆಂಗಿನ ಸೀಮೆ ಪಕ್ಕದಲ್ಲೇ ಇರುವಾಗ ಪ್ರಯತ್ನಿಸದಿರಲು ಕಾರಣವಿರಲಿಲ್ಲ. 12 ಅಡಿ ಉದ್ದ, 12 ಅಡಿ ಅಗಲದ ಒಂದು ಕೋಣೆಗೆ ನಾಲ್ಕು ಅಂಗುಲ ದಪ್ಪ ಹಾಸಲು ಸುಮಾರು 20 ಬ್ಲಾಕ್ ಬೇಕಾದವು. ಒಂದು ಬ್ಲಾಕ್‌ನ ಬೆಲೆಗೆ ಎರಡು ಮೂರು ಚೀಲ ಹೊಟ್ಟು ಬರುತ್ತದೆಯೆಂಬುದನ್ನು ಮರೆಯಬಾರದು. ಬ್ಲಾಕ್ ಮೇಲೆ ಅಚ್ಚು ಹಾಕಿರುವ ಸೂಚನೆ ಗಿಡ ನೆಡುವವರಿಗೆ ಬರೆದದ್ದು. ಅದರಂತೆ ಪ್ರತಿ ಬ್ಲಾಕ್‌ಗೆ 20 ಲೀಟರಿಗೂ ಮೇಲ್ಪಟ್ಟು ನೀರು ಸುರಿದರೆ ಪುಡಿ ಚೆನ್ನಾಗಿಯೇ ಅರಳುತ್ತದೆ, ಆದರೆ ಮೂತ್ರ ಹೀರಬೇಕಾದ ಹಾಸು ಮೊದಲ ದಿನವೇ ನೀರು ಕುಡಿದು ಕುಳಿತಿರುತ್ತದೆ. ಮೊದಲ ನಾಲ್ಕು ಬ್ಲಾಕ್‌ಗಳನ್ನು ನಾನು ಹಾಗೆಯೇ ಕೆಡಿಸಿದೆ. ಆಮೇಲೆ ಕಂಡುಕೊಂಡ ಕ್ರಮವೆಂದರೆ, ಬ್ಲಾಕ್‌ಗೆ ಆರೇಳು ಲೀಟರ್ ನೀರನ್ನಷ್ಟೇ ಹನಿಸಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಸಲಿಕೆಯಿಂದ ಪುಡಿಮಾಡಿ, ಟಾರ್ಪಾಲ್ ಮೇಲೆ ತೆಳುವಾಗಿ ಹರವಿ ಒಣಗಿಸುವುದು. ಏಪ್ರಿಲ್‌ನ ದಾವಣಗೆರೆಯ ಬಿಸಿಲಿಗೆ ಒಂದೇ ದಿನ ಸಾಕು. ಜುಲೈನ ಮೋಡ ಮುಸುಕಿದ ದಿನಗಳಲ್ಲಿ ನಾಲ್ಕು ದಿನವಾದರೂ ಒಣಗಲಿಲ್ಲ, ಹಾಗಾಗಿ ಮಳೆಗಾಲಕ್ಕೆ ಬೇಕಾದಷ್ಟನ್ನು ಮೇ ತಿಂಗಳಲ್ಲೇ ಒಣಗಿಸಿ ಚೀಲಕ್ಕೆ ತುಂಬಿಟ್ಟುಕೊಳ್ಳುವುದು ಅಗತ್ಯ.

ಹಾಸಿದ ಮೇಲೆ ಅದು ಮಾಡಿದ ಕೆಲಸದ ಬಗ್ಗೆ ನನಗೆ ದೂರಿಲ್ಲ. ಒಂದು ವಾರದೊಳಗೆ ಮುಂಜಾನೆಯ ಘಾಟು ಹೋಯಿತು. ಗಂಡು ಕುದುರೆಯ ಹಿಂಗಾಲಿನ ಗೊರಸಿನ ಅಡಿಯಲ್ಲಿರುವ ಮೆತ್ತನೆಯ ತ್ರಿಕೋನ ಭಾಗ ಪ್ರತಿ ವರ್ಷವೂ ಕಪ್ಪಾಗಿ, ಕೊಳೆತು ನಾರುತ್ತಿತ್ತು. ಥ್ರಷ್ ಎಂದು ಕರೆಯುವ ಈ ತೊಂದರೆ ಈ ವರ್ಷ ಕಾಣಿಸಿಕೊಳ್ಳಲಿಲ್ಲ. ಗೊರಸನ್ನು ದಿನವೂ ಕೆರೆದು ಶುಚಿ ಮಾಡುವ ಅಭ್ಯಾಸವನ್ನೂ ಇದೇ ವೇಳೆ ಬಿಗಿಗೊಳಿಸಿದ್ದೆವಾದ್ದರಿಂದ ಪೂರ್ತಿ ಶ್ರೇಯಸ್ಸನ್ನು ಹಾಸಿಗೇ ಕೊಡಲಾರೆ. ಕುದುರೆಗಳು ಇದನ್ನು ತಿನ್ನಲು ಹೋಗಲಿಲ್ಲ, ಮತ್ತು ಮೊದಲಿಗಿಂತ ಹೆಚ್ಚು ಹೊತ್ತು ಮಲಗತೊಡಗಿದವು. ಕುದುರೆ ನಿಂತೇ ತೂಕಡಿಸುತ್ತದೆಯಾದರೂ ಗಾಢನಿದ್ರೆಯ ಒಂದು ಹಂತಕ್ಕೆ ಅದು ಮಲಗಲೇಬೇಕು. ಗಟ್ಟಿ ನೆಲದ ಮೇಲೆ ಮಲಗಲು ಹಿಂಜರಿಯುವ ಕುದುರೆ ನಿದ್ದೆಗೆಟ್ಟು ಬಳಲುತ್ತದೆ.

ಕಷ್ಟವಾದದ್ದು ಬಣ್ಣದಿಂದ. ನಮ್ಮ ಹೆಣ್ಣು ಕುದುರೆ ಬಿಳಿಯದು, ಮದುಮಗನ ಕಡೆಯವರು ಕೇಳುವುದೂ ಅದನ್ನೇ. ಒದ್ದೆಯಾದ ನಾರಿನ ಪುಡಿ ಚಹಾದ ಚರಟದಂತೆ ಕಂದು ಬಣ್ಣ ಬಿಡುತ್ತದೆ. ಮೇ ತಿಂಗಳ ಲಗ್ನದ ಭರಾಟೆಯಲ್ಲಿ, ಸಂಜೆ ಆರಕ್ಕೆ ಮೆರವಣಿಗೆಯೆಂದರೆ ಮಧ್ಯಾಹ್ನ ಎರಡರಿಂದಲೇ ಅದರ ಪಕ್ಕೆ, ತೊಡೆ ಉಜ್ಜುತ್ತ ಕೂರುವಂತಾಯಿತು. ಒಮ್ಮೆ ಕಲೆ ಉಳಿದೇ ಹೋಗಿ, ಜರಿಯ ಜೂಲನ್ನು ಒಂದು ಗೇಣು ಕೆಳಗೆ ಇಳಿಬಿಟ್ಟು ಕಳುಹಿಸಿದೆವು. ಇದೇ ಕಡುಬಣ್ಣದಿಂದಾಗಿ ಒದ್ದೆ ಜಾಗ ಯಾವುದು, ಒಣ ಜಾಗ ಯಾವುದು ಎಂದು ನೋಡಿ ಹೇಳಲಾಗುವುದಿಲ್ಲ, ಕೈಯಿಟ್ಟೇ ತಿಳಿಯಬೇಕು. ಪೂರ್ತಿ ಒಣಗಿದ ಪುಡಿ ದೂಳೇಳುತ್ತದೆ, ಆದ್ದರಿಂದ ಹರಡುವಾಗ ಕುದುರೆಗಳನ್ನು ಹೊರಗೆ ಕಟ್ಟಬೇಕು. ಹೊಟ್ಟಿನ ವಿಷಯದಲ್ಲೂ ಇದು ಅನ್ವಯಿಸುತ್ತದೆ.

ಬೇರೆ ಹಾಸುಗಳ ವಿಚಾರ ಸಂಕ್ಷಿಪ್ತವಾಗಿ ಹೇಳುತ್ತೇನೆ. ಭತ್ತದ ಹುಲ್ಲು ಮೆತ್ತಗಿದ್ದರೂ ಕುದುರೆ ಅದನ್ನು ಮೇಯುತ್ತದೆ. ಹೆಚ್ಚು ತಿಂದರೆ ಕರುಳು ಕಟ್ಟಿ ಹೊಟ್ಟೆನೋವು ಬರುವ ಅಪಾಯವಿದೆ. ಬಡಗಿಗಳ ಕಾರ್ಖಾನೆಯ ಸುರುಳಿ ಹೊಟ್ಟು ನಿಜವಾಗಿ ಉತ್ತಮ ಹಾಸು, ಆದರೆ ಪ್ಲೈವುಡ್ಡಿನ ಅಂಟು, ಮೊಳೆ ಸೇರದೆ ಬರುವುದು ಅಪರೂಪ. ಚಳ್ಳಕೆರೆಯಿಂದ ಒಮ್ಮೆ ತರಿಸಿದ ಶೇಂಗಾ ಸಿಪ್ಪೆಯ ಚೀಲಗಳ ತಳದಲ್ಲಿ ಬೂಷ್ಟು ಹಿಡಿದಿತ್ತು, ಶೇಂಗಾದ ಬೂಷ್ಟು ವಿಷಕಾರಿಯಾದ್ದರಿಂದ ಚೀಲ ಸಮೇತ ತಿಪ್ಪೆಗೆ ಹಾಕಿದೆ. ನಮ್ಮ ಜಿಲ್ಲೆಯಲ್ಲಿ ರಾಶಿಗಟ್ಟಲೆ ಸಿಗುವ ಮೆಕ್ಕೆಜೋಳದ ದಿಂಡು, ಸಿಪ್ಪೆಗಳನ್ನು ಮಾತ್ರ ಲಾಯದ ಹತ್ತಿರಕ್ಕೂ ತರಬೇಡಿ. ಮೆಕ್ಕೆಜೋಳಕ್ಕೆ ಹಿಡಿಯುವ ಫ್ಯುಸೇರಿಯಂ ಬೂಷ್ಟಿನ ವಿಷ ಕುದುರೆಯ ಮೆದುಳನ್ನೇ ಕರಗಿಸಿ ಕೊಲ್ಲುತ್ತದೆ; ದನಗಳು ತಿಂದು ಅರಗಿಸಿಕೊಂಡವೆಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಈಗ ನಾನು ಎರಡನ್ನೂ ಸೇರಿಸಿ ಬಳಸುತ್ತಿದ್ದೇನೆ. ಗಂಡು ಕುದುರೆ ಕೋಣೆಯ ನಡುವೆ, ಹೆಣ್ಣು ಕುದುರೆ ಹಿಂಗೋಡೆಯ ಬಳಿ ಮೂತ್ರ ಮಾಡುವುದರಿಂದ, ಆ ಜಾಗಗಳಲ್ಲಿ ಮಾತ್ರ ಮೂರು ಅಂಗುಲ ನಾರಿನ ಪುಡಿ ಹಾಕಿ, ಇಡೀ ಕೋಣೆಗೆ ಮೇಲಿನಿಂದ ನಾಲ್ಕು ಅಂಗುಲ ಭತ್ತದ ಹೊಟ್ಟು ಹರಡಿದ್ದೇನೆ; ಗೋಡೆಯಂಚಿಗೆ ಹೊಟ್ಟನ್ನು ಇನ್ನಷ್ಟು ಏರಿಸಿದರೆ ಹೊರಳಿದ ಕುದುರೆ ಗೋಡೆಗೆ ಸಿಕ್ಕಿಕೊಳ್ಳುವುದಿಲ್ಲ. ಮೂತ್ರ ಹೊಟ್ಟಿನಿಂದಿಳಿದು ಕೆಳಗಿನ ಪುಡಿಯಲ್ಲಿ ನಿಲ್ಲುತ್ತದೆ, ಬಿಳಿ ಮೈಗೆ ಕಂದು ತಾಗುವುದಿಲ್ಲ. ಲದ್ದಿಯನ್ನು ದಿನಕ್ಕೆ ಎರಡು ಸಲ, ಒದ್ದೆ ಪುಡಿಯನ್ನು ಎರಡು ದಿನಕ್ಕೊಮ್ಮೆ ತೆಗೆಯುತ್ತೇವೆ. ಬರಿಯ ಹೊಟ್ಟಿನ ಲದ್ದಿಗೊಬ್ಬರ ಬೇಗ ಕೊಳೆಯದೆಂದು ಗೊಣಗುತ್ತಿದ್ದ ಚನ್ನಗಿರಿ ಕಡೆಯ ಅಡಿಕೆ ತೋಟದವರೊಬ್ಬರು ಈಗ ತಾವೇ ಟ್ರ್ಯಾಕ್ಟರ್ ತಂದು ಒಯ್ಯುತ್ತಾರೆ.

ಕೊಳ್ಳುವವರು ಅಂಗಡಿಯಲ್ಲೇ ಒಂದು ಬ್ಲಾಕ್ ಒಡೆಸಿ ನೋಡಬೇಕು. ನಾನು ಕೊಂಡ ಕಡೆ ಎರಡು ಬ್ಲಾಕ್‌ಗಳ ಒಳಗೆ ಬಿಳಿ ಬೂಷ್ಟಿತ್ತು, ಒಂದರಲ್ಲಿ ನೈಲಾನ್ ದಾರದ ತುಂಡುಗಳಿದ್ದವು. ಬದಲಿಸಿಕೊಡಲು ಅಂಗಡಿಯವರು ಒಪ್ಪಲಿಲ್ಲ. ಈ ಸಲ ಬೇರೆ ಕಡೆಯಿಂದ ಆರು ಬ್ಲಾಕ್ ತಂದಿದ್ದೇನೆ. ಹೊಸ ಕ್ರಮದಲ್ಲಿ ಎರಡು ಕೋಣೆಗಳ ಒದ್ದೆ ಜಾಗಕ್ಕೆ ಅಷ್ಟೇ ಸಾಕಾಗಿವೆ.